ಮಾತಿನ ಮದ್ದಿಗೂ ಪರೀಕ್ಷೆ: ಬುಲಿಮಿಯಾಗೆ ಹೊಸ ಮನೋಚಿಕಿತ್ಸೆ ರೂಪುಗೊಳ್ಳುವ ಬಗೆ

ಮನೆಯಲ್ಲಿ ಒಬ್ಬರಿಗೆ ಬುಲಿಮಿಯಾ ಎಂಬ ತಿನ್ನುವಿಕೆಯ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ‘ಹೊಸ ಥೆರಪಿಯಿಂದ ಅರ್ಧಕ್ಕರ್ಧ ಜನ ಗುಣ’ ಎಂಬಂಥ ಸಾಲುಗಳು ಹುಡುಕದಿದ್ದರೂ ಕಣ್ಣಿಗೆ ಬೀಳತೊಡಗುತ್ತವೆ. ಓದಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಆ ಒಂದು ಸಾಲಿನೊಳಗೆ ನಾಲ್ಕು ಪ್ರಶ್ನೆ ಅಡಗಿವೆ: ಯಾರಲ್ಲಿ ಅರ್ಧ, ಗುಣ ಅಂದರೆ ಏನು, ಅಳೆದದ್ದು ಯಾವಾಗ, ಹೋಲಿಸಿದ್ದು ಯಾವುದರ ಜೊತೆ. ಮಾತ್ರೆಯಾದರೆ ಒಳಗೆ ಇಷ್ಟು ಮಿಲಿಗ್ರಾಂ ಮದ್ದಿದೆ ಎಂದು ತೂಗಿ ಹೇಳಬಹುದು. ಇಲ್ಲಿ ಮದ್ದು ಅಂದರೆ ಇಬ್ಬರು ಎದುರುಬದುರು ಕೂತು ಆಡುವ ಮಾತು, ಆ ಮಾತಿನ ನಡುವೆ ಕಲಿಸಿಕೊಡುವ ಅಭ್ಯಾಸ. ಅದನ್ನು ಒರೆಗೆ ಹಚ್ಚುವುದು ಹೇಗೆ?

## ಮೊದಲು, ಕಾಯಿಲೆ ಏನು

ಬುಲಿಮಿಯಾ ನರ್ವೋಸಾ ಎಂಬ ಹೆಸರು ವೈದ್ಯರ ಬರಹಗಳಿಗೆ ಬಂದದ್ದು 1979ರಲ್ಲಿ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಮನೋವೈದ್ಯ ಜೆರಾಲ್ಡ್ ರಸೆಲ್ 30 ರೋಗಿಗಳ ವಿವರ ಪ್ರಕಟಿಸಿ, ಇದು ಅನೊರೆಕ್ಸಿಯಾದ, ಅಂದರೆ ತೂಕ ತೀರಾ ಇಳಿಯುವಷ್ಟು ಊಟ ಬಿಡುವ ಕಾಯಿಲೆಯ, ಅಪಾಯಕಾರಿ ರೂಪಾಂತರ ಎಂದರು.

ಕಾಯಿಲೆಗೆ ಮೂರು ಮುಖ. ಮೊದಲನೆಯದು ಬಿಂಜ್. ಸ್ವಲ್ಪ ಹೊತ್ತಿನಲ್ಲಿ, ಅದೇ ಸಂದರ್ಭದಲ್ಲಿ ಬೇರೆಯವರು ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ತಿನ್ನುವಾಗ ‘ನಿಲ್ಲಿಸಲು ನನ್ನಿಂದ ಆಗುತ್ತಿಲ್ಲ’ ಅನ್ನಿಸುವುದು. ಎರಡೂ ಸೇರಿದರೆ ಮಾತ್ರ ಬಿಂಜ್. ಹಬ್ಬದೂಟದಲ್ಲಿ ಹೊಟ್ಟೆ ಬಿರಿಯೆ ಉಂಡದ್ದು ಬಿಂಜ್ ಅಲ್ಲ. ಎರಡನೆಯದು, ತೂಕ ಏರದಿರಲೆಂದು ತಿಂದದ್ದನ್ನು (ವಾಂತಿ ಮುಂತಾದ ರೀತಿಯಲ್ಲಿ) ಹೊರಹಾಕುವುದು, ಉಪವಾಸ ಬೀಳುವುದು ಅಥವಾ ಮಿತಿಮೀರಿ ವ್ಯಾಯಾಮ ಮಾಡುವುದು. ಮೂರನೆಯದು ಕಣ್ಣಿಗೆ ಕಾಣದ್ದು: ತನ್ನ ಬೆಲೆಯನ್ನು ಬಹುತೇಕ ಮೈತೂಕ, ಮೈಕಟ್ಟುಗಳಿಂದಲೇ ಅಳೆದುಕೊಳ್ಳುವುದು.

ಈ ಬಿಂಜ್ ಮತ್ತು ಅದರ ಬೆನ್ನಿಗೇ ಬರುವ ‘ಸರಿದೂಗಿಸುವಿಕೆ’ ಮೂರು ತಿಂಗಳು, ಸರಾಸರಿ ವಾರಕ್ಕೆ ಒಮ್ಮೆಯಾದರೂ ನಡೆದಿದ್ದರೆ ಬುಲಿಮಿಯಾ ಎನ್ನುವುದು ಅಮೆರಿಕದ ಮನೋವೈದ್ಯರ ಸಂಘದ 2013ರ ಮಾನದಂಡ. ಅದಕ್ಕೆ ಮುಂಚೆ ವಾರಕ್ಕೆ ಎರಡು ಬಾರಿ ಎಂದಿತ್ತು. ಸಣ್ಣ ತಿದ್ದುಪಡಿ ಅನ್ನಿಸಬಹುದು. ಆದರೆ ಹಳೆಯ ಅಧ್ಯಯನಕ್ಕೆ ಸೇರಿದವರೂ ಹೊಸ ಅಧ್ಯಯನಕ್ಕೆ ಸೇರಿದವರೂ ಒಂದೇ ತೀವ್ರತೆಯವರಲ್ಲ ಎಂದಾಯಿತು. ಎರಡರ ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಇದನ್ನು ನೆನಪಿಡಬೇಕು.

ಈ ರೋಗಿಗಳ ತೂಕ ಸಾಮಾನ್ಯವಾಗಿಯೇ ಇರುವುದರಿಂದ ವರ್ಷಗಟ್ಟಲೆ ಯಾರಿಗೂ ಸುಳಿವು ಸಿಗದಿರಬಹುದು. ಒಳಗೆ ಮಾತ್ರ ಹಲ್ಲಿನ ಎನಾಮೆಲ್ ಸವೆಯುತ್ತದೆ; ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪಬಹುದು. ಬರೀ ಮಾತಿನ ಚಿಕಿತ್ಸೆಯ ಅಧ್ಯಯನದಲ್ಲೂ ರಕ್ತಪರೀಕ್ಷೆ ಮಾಡಿಸುವುದು ಇದಕ್ಕೇ.

## ಚಿಕಿತ್ಸೆ ಹುಟ್ಟುವುದು ಒಂದು ಊಹೆಯಿಂದ

ಹೊಸ ಮನೋಚಿಕಿತ್ಸೆಗೆ ಮೊದಲು ಬೇಕಾದದ್ದು ತಂತ್ರಗಳ ಪಟ್ಟಿಯಲ್ಲ. ‘ಈ ಕಾಯಿಲೆ ತಾನಾಗಿ ಯಾಕೆ ನಿಲ್ಲುವುದಿಲ್ಲ’ ಎಂಬುದಕ್ಕೆ ಒಂದು ಊಹೆ ಬೇಕು. ಕಾಯಿಲೆ ಶುರುವಾದದ್ದು ಯಾಕೆ ಎಂಬುದು ಬೇರೆಯೇ ಪ್ರಶ್ನೆ. ಬೆಂಕಿ ಹತ್ತಿಸಿದ ಕಡ್ಡಿ ಯಾವುದೆಂದು ಹುಡುಕುವ ಮೊದಲು ಅದಕ್ಕೆ ಈಗ ಸೌದೆ ಒಡ್ಡುತ್ತಿರುವುದು ಏನೆಂದು ನೋಡಬೇಕು.

ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಮುಂದಿಟ್ಟ ಊಹೆ ಹೀಗಿದೆ. ಮೈತೂಕಕ್ಕೆ ಅತಿಯಾದ ಬೆಲೆ ಕೊಟ್ಟವರು ಕಟ್ಟುನಿಟ್ಟಿನ ಪಥ್ಯ ಹಿಡಿಯುತ್ತಾರೆ. ಇಂಥದ್ದು ಮುಟ್ಟಬಾರದು, ಇಷ್ಟು ಗಂಟೆಯ ಮೇಲೆ ತಿನ್ನಬಾರದು ಎಂಬ ನಿಯಮಗಳು ಬೆಳೆಯುತ್ತವೆ. ಒತ್ತಿ ಹಿಡಿದ ಸ್ಪ್ರಿಂಗ್ ಕೈ ಸಡಿಲಾದೊಡನೆ ಚಿಮ್ಮುವಂತೆ, ಒಂದು ಸಣ್ಣ ನಿಯಮ ಮುರಿದರೂ ‘ಹೇಗೂ ಕೆಟ್ಟಿತು’ ಎಂದು ಬಿಂಜ್ ಆಗುತ್ತದೆ. ಆಮೇಲೆ ಹೊರಹಾಕುವುದು. ಹೊರಹಾಕಿದರೆ ತಿಂದದ್ದೆಲ್ಲ ಹೋಯಿತು ಎಂಬ ನಂಬಿಕೆ ನಿಜವಲ್ಲ. ಆದರೂ ಆ ನಂಬಿಕೆಯೇ ಮುಂದಿನ ಬಿಂಜ್‌ಗಿದ್ದ ತಡೆಯನ್ನು ತೆಗೆದುಹಾಕುತ್ತದೆ. ನಾಚಿಕೆ, ಭಯ ಹೆಚ್ಚಿ ಪಥ್ಯ ಇನ್ನಷ್ಟು ಬಿಗಿಯಾಗುತ್ತದೆ.

ಇದು ನಿಜವಾದರೆ ಸರಪಳಿಯನ್ನು ಕಡಿಯಬೇಕಾದ ಜಾಗ ಬಿಂಜ್ ಅಲ್ಲ, ಪಥ್ಯ. ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಮೊದಲ ವಾರಗಳಲ್ಲೇ ದಿನಕ್ಕೆ ಮೂರು ಊಟ, ಎರಡು ಮೂರು ಲಘು ತಿಂಡಿ, ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲದಂತೆ ತಿನ್ನುವ ಅಭ್ಯಾಸ ಮಾಡಿಸುವುದು ಇದೇ ಲೆಕ್ಕದಿಂದ. ಬಿಂಜ್ ನಿಲ್ಲಿಸಲು ಹೆಚ್ಚು ಸಲ ತಿನ್ನಬೇಕು ಅಂದರೆ ರೋಗಿಗೆ ಹುಚ್ಚು ಮಾತಾಗಿ ಕೇಳುತ್ತದೆ. ಥೆರಪಿಸ್ಟ್‌ನ ಮೊದಲ ತಿಂಗಳ ಶ್ರಮ ಬಹುಪಾಲು ಇಲ್ಲೇ ಹೋಗುತ್ತದೆ.

ಇನ್ನೊಂದು ಸಲಕರಣೆ ಒಂದು ಹಾಳೆ. ಅದರ ಕಾಲಂಗಳು ಹೀಗಿರುತ್ತವೆ: ಸಮಯ, ತಿಂದದ್ದು ಕುಡಿದದ್ದು, ಎಲ್ಲಿ, ಅತಿಯಾಯಿತು ಅನ್ನಿಸಿದರೆ ನಕ್ಷತ್ರದ ಗುರುತು, ಹೊರಹಾಕಿದ್ದರೆ ಅದರ ಗುರುತು, ಕೊನೆಗೆ ಆಗ ಏನು ನಡೆಯುತ್ತಿತ್ತು ಎಂಬ ಟಿಪ್ಪಣಿ. ಒಂದು ಸಾಲು ಹೀಗಿರಬಹುದು: ‘ಸಂಜೆ 4:40. ಬಿಸ್ಕತ್ತು, ಒಂದು ಪೂರ್ತಿ ಪ್ಯಾಕ್. ಅಡುಗೆಮನೆ, ನಿಂತೇ. ನಕ್ಷತ್ರ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಫೋನಿನಲ್ಲಿ ಜಗಳ.’ ಕ್ಯಾಲೊರಿಯ ಕಾಲಂ ಬೇಕೆಂದೇ ಇಲ್ಲ. ಆಗಿಂದಾಗಲೇ ಬರೆಯಬೇಕು, ರಾತ್ರಿ ಕೂತು ನೆನಪಿಸಿಕೊಂಡಲ್ಲ. ರಾತ್ರಿಯ ನೆನಪಿನಲ್ಲಿ ಬಿಂಜ್ ಉಳಿದಿರುತ್ತದೆ, ಅದಕ್ಕೆ ಮುಂಚಿನ ಎಂಟು ಗಂಟೆಯ ಹಸಿವು ಮರೆತಿರುತ್ತದೆ.

## ಕೈಪಿಡಿ ಮತ್ತು ಮೊದಲ ಹತ್ತು ಹನ್ನೊಂದು ಜನ

ಊಹೆಯನ್ನು ಕೈಪಿಡಿಯಾಗಿ ಇಳಿಸುವುದು ಮುಂದಿನ ಹಂತ. ಎಷ್ಟು ಸೆಷನ್, ಎಷ್ಟು ನಿಮಿಷ, ಯಾವ ಸೆಷನ್‌ನಲ್ಲಿ ಏನು, ರೋಗಿ ಹಾಳೆ ತುಂಬದೆ ಬಂದರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿ. ಕೈಪಿಡಿ ಅಂದರೆ ಥೆರಪಿಸ್ಟ್ ಓದಿ ಒಪ್ಪಿಸುವ ಸಂಭಾಷಣೆಯಲ್ಲ. ಎರಡು ಊರುಗಳ ಇಬ್ಬರು ಥೆರಪಿಸ್ಟರು ಕೊಡುವುದು ಒಂದೇ ಚಿಕಿತ್ಸೆ ಎಂದು ಹೇಳಲು ಬೇಕಾದ ಕನಿಷ್ಠ ಒಪ್ಪಂದ.

ಆಮೇಲೆ ಕೆಲವೇ ಜನರ ಮೇಲೆ ನೋಡುತ್ತಾರೆ. ಫೇರ್‌ಬರ್ನ್ 1981ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿದ್ದವರು 11 ರೋಗಿಗಳು. ಈ ಹಂತದಲ್ಲಿ ಕೇಳುವುದು ‘ಗುಣವಾಯಿತೇ’ ಎಂದಲ್ಲ. ಜನ ಬರುತ್ತಾರೆಯೇ, ಹೇಳಿದ್ದನ್ನು ಮಾಡಲು ಅವರಿಂದ ಆಗುತ್ತದೆಯೇ, ಎಷ್ಟನೇ ವಾರಕ್ಕೆ ಬಿಟ್ಟುಹೋಗುತ್ತಾರೆ, ಯಾರಿಗಾದರೂ ಕೆಡುಕಾಯಿತೇ ಎಂದು.

ಇಷ್ಟೇ ಜನರಲ್ಲಿ ಸ್ವಲ್ಪ ಗಟ್ಟಿ ಪುರಾವೆ ಬೇಕಿದ್ದರೆ ಒಂದು ಜಾಣ ದಾರಿಯಿದೆ. ಎಲ್ಲರೂ ಒಂದೇ ದಿನದಿಂದ ಹಾಳೆ ತುಂಬತೊಡಗುತ್ತಾರೆ. ಚಿಕಿತ್ಸೆ ಮಾತ್ರ ಒಬ್ಬರಿಗೆ ಎರಡು ವಾರದ ಮೇಲೆ, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಐದು ವಾರದ ಮೇಲೆ ಶುರು. ಪ್ರತಿಯೊಬ್ಬರ ಬಿಂಜ್‌ನ ಲೆಕ್ಕ ಅವರವರ ಚಿಕಿತ್ಸೆ ಶುರುವಾದ ವಾರದಿಂದಲೇ ಇಳಿದರೆ ಅದು ಕಾಕತಾಳೀಯ ಎನ್ನುವುದು ಕಷ್ಟ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಒಂದು ಸಲ ತಾಳೆಯಾಗಬಹುದು. ಬೇರೆ ಬೇರೆ ದಿನ, ಬೇರೆ ಬೇರೆ ಮರದಲ್ಲಿ ಆರು ಸಲ ಆಗುವುದಿಲ್ಲ.

## ಯಾವುದರ ಜೊತೆ ಹೋಲಿಕೆ?

ಇಡೀ ವಿಷಯದ ಗಂಟು ಇಲ್ಲಿದೆ. ಜನ ಸಹಾಯ ಕೇಳಿ ಬರುವುದು ಸಾಮಾನ್ಯವಾಗಿ ಕಾಯಿಲೆ ಉಲ್ಬಣಿಸಿದಾಗ. ಏರಿಳಿಯುವ ಕಾಯಿಲೆಯನ್ನು ಏರಿದಾಗ ಹಿಡಿದರೆ ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತದೆ. ಜೊತೆಗೆ ವಾರವಾರ ಕೇಳಿಸಿಕೊಳ್ಳುವ ಕಿವಿಯೊಂದು ಸಿಕ್ಕಿತೆಂಬ ಸಮಾಧಾನ. ಹೋಲಿಕೆ ಗುಂಪಿಲ್ಲದೆ ಇವನ್ನೆಲ್ಲ ಚಿಕಿತ್ಸೆಯ ಖಾತೆಗೆ ಜಮಾ ಮಾಡಿಬಿಡುತ್ತೇವೆ.

ಹಾಗಾಗಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಿಗೆ ಹಂಚುತ್ತಾರೆ. ಯಾರು ಯಾವ ಗುಂಪಿಗೆ ಎಂಬುದು ರೋಗಿಯ ಆಯ್ಕೆಯೂ ಅಲ್ಲ, ವೈದ್ಯರ ಆಯ್ಕೆಯೂ ಅಲ್ಲ. ಮುಂದಿನ ಚೀಟಿ ಯಾವುದೆಂದು ಸೇರಿಸಿಕೊಳ್ಳುವವರಿಗೆ ಮೊದಲೇ ಗೊತ್ತಿರಬಾರದು. ಗೊತ್ತಿದ್ದರೆ ‘ಇವರಿಗೆ ಹೊಸದೇ ಒಳ್ಳೆಯದು’ ಎಂದು ಒಂದು ದಿನ ತಡೆದು ಸೇರಿಸುವ ಆಸೆ ಒಳ್ಳೆಯವರಿಗೂ ಬರುತ್ತದೆ.

ಎರಡನೇ ಗುಂಪಿಗೆ ಏನು ಕೊಡಬೇಕು? ಕಾಯುವ ಪಟ್ಟಿಯಲ್ಲಿ ಇಡುವುದು ಅಗ್ಗ, ಆದರೆ ಅದರ ಎದುರು ಯಾವ ಥೆರಪಿಯೂ ಗೆದ್ದೀತು. ಕಾಯುವವರು ‘ನನ್ನ ಸರದಿ ಬರಲಿ’ ಎಂದು ಇದ್ದ ಪ್ರಯತ್ನವನ್ನೂ ಬಿಟ್ಟಿರಬಹುದು. ಮತ್ತೊಂದು ನಿಜವಾದ ಥೆರಪಿಯ ಜೊತೆ ಹೋಲಿಸುವುದು ದುಬಾರಿ, ಗೆಲ್ಲುವುದೂ ಕಷ್ಟ. ಕಲಿಯಲು ಸಿಗುವುದು ಮಾತ್ರ ಅಲ್ಲಿಯೇ.

ಅದಕ್ಕೆ ಒಳ್ಳೆಯ ಸಾಕ್ಷಿ ಆಕ್ಸ್‌ಫರ್ಡ್ ತಂಡವು 75 ರೋಗಿಗಳ ಮೇಲೆ ನಡೆಸಿ 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಟ್ರಯಲ್. ಗುಂಪು ಮೂರು: ಪೂರ್ತಿ ಸಿಬಿಟಿ, ಯೋಚನೆಗಳ ಭಾಗ ತೆಗೆದು ತಿನ್ನುವ ಅಭ್ಯಾಸವನ್ನಷ್ಟೇ ಉಳಿಸಿದ ವರ್ತನಾ ಚಿಕಿತ್ಸೆ, ಮತ್ತು ಐಪಿಟಿ, ಅಂದರೆ ಸಂಬಂಧಗಳ ತೊಡಕುಗಳ ಬಗ್ಗೆ ಮಾತಾಡುವ ಚಿಕಿತ್ಸೆ. ಐಪಿಟಿ ಹುಟ್ಟಿದ್ದು ಖಿನ್ನತೆಗಾಗಿ. ಇಲ್ಲಿ ಅದರಲ್ಲಿ ಊಟದ ಹಾಳೆ ಇರಲಿಲ್ಲ, ತಿನ್ನುವ ವಿಷಯ ತೆಗೆಯುವಂತೆಯೂ ಇರಲಿಲ್ಲ. ಚಿಕಿತ್ಸೆ ಮುಗಿದಾಗ ಸಿಬಿಟಿ ಮುಂದಿತ್ತು. ವರ್ಷ ಕಳೆದು ನೋಡಿದರೆ ಐಪಿಟಿಯವರು ಅದನ್ನು ಹಿಡಿದಿದ್ದರು. ಬರೀ ವರ್ತನಾ ಚಿಕಿತ್ಸೆಯವರಲ್ಲಿ ಬಿಟ್ಟುಹೋದವರು ಹೆಚ್ಚು, ಉಳಿದವರ ಸುಧಾರಣೆಯೂ ಕರಗಿತ್ತು.

ಒಂದೇ ಟ್ರಯಲ್ ಆಕಸ್ಮಿಕ ಇರಬಹುದಲ್ಲ? ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳು ಸೇರಿ 220 ರೋಗಿಗಳ ಮೇಲೆ ಸಿಬಿಟಿ, ಐಪಿಟಿಗಳನ್ನು ಮತ್ತೆ ಎದುರುಬದುರು ನಿಲ್ಲಿಸಿದವು. 20 ವಾರ, 19 ಸೆಷನ್. 2000ದಲ್ಲಿ ಬಂದ ಫಲಿತಾಂಶದ ಪ್ರಕಾರ ಚಿಕಿತ್ಸೆಯ ಕೊನೆಗೆ ಚೇತರಿಸಿಕೊಂಡವರು ಸಿಬಿಟಿಯಲ್ಲಿ ಶೇ 29, ಐಪಿಟಿಯಲ್ಲಿ ಶೇ 6. ಆದರೆ ತಿಂಗಳುಗಳ ನಂತರದ ಅಳತೆಯಲ್ಲಿ ಇಬ್ಬರ ನಡುವೆ ಲೆಕ್ಕಕ್ಕೆ ಸಿಗುವ ಅಂತರ ಉಳಿದಿರಲಿಲ್ಲ. 20ನೇ ವಾರಕ್ಕೆ ಅಳತೆ ನಿಲ್ಲಿಸಿದ್ದರೆ ‘ಐಪಿಟಿ ಬುಲಿಮಿಯಾಗೆ ಆಗದು’ ಎಂದೇ ಬರೆದಿಡುತ್ತಿದ್ದರು. ಬೇಗ ಗುಣವಾಗುವುದೂ ಒಂದು ಗುಣವೇ ಎನ್ನಿ. ಒಂದೊಂದು ತಿಂಗಳೂ ಪೊಟ್ಯಾಸಿಯಂ ಏರುಪೇರಿನಲ್ಲಿ ಕಳೆಯುವ ಕಾಯಿಲೆ ಇದು. ಸಿಬಿಟಿ ಮೊದಲ ಆಯ್ಕೆಯಾಗಿ ಉಳಿದದ್ದಕ್ಕೆ ಈ ವೇಗವೂ ಒಂದು ಕಾರಣ.

## ಎಷ್ಟು ಜನ, ಎಂಥವರು

ಹಳೆಯ ಚಿಕಿತ್ಸೆಯಲ್ಲಿ ಶೇ 30 ಜನ ಗುಣವಾಗುತ್ತಾರೆ, ಹೊಸದರಲ್ಲಿ ಶೇ 50 ಆಗಬಹುದು ಎಂದು ಅಂದಾಜು ಇದೆ ಎನ್ನಿ. ಇಷ್ಟು ಅಂತರ ನಿಜಕ್ಕೂ ಇದ್ದರೆ ಅದನ್ನು 100ಕ್ಕೆ 80 ಸಲವಾದರೂ ಪತ್ತೆಹಚ್ಚಲು ಪ್ರತಿ ಗುಂಪಿಗೆ ಸುಮಾರು 93 ಜನ ಬೇಕು. ಐದರಲ್ಲಿ ಒಬ್ಬರು ಕೊನೆಯ ಅಳತೆಗೆ ಸಿಗದೆ ಹೋದಾರು ಎಂದು ಸೇರಿಸಿದರೆ 117. ಹಳೆಯದರಲ್ಲಿ ಶೇ 40, ಹೊಸದರಲ್ಲಿ ಶೇ 50 ಎಂಬಷ್ಟೇ ಅಂತರವಾದರೆ ಪ್ರತಿ ಗುಂಪಿಗೆ 390ರ ಹತ್ತಿರ. ಅಂತರ ಸೂಕ್ಷ್ಮವಾದಷ್ಟೂ ಜನ ಹೆಚ್ಚು ಬೇಕು. ಬುಲಿಮಿಯಾದ ಹಲವು ಟ್ರಯಲ್‌ಗಳಲ್ಲಿ ಇರುವವರು ಒಟ್ಟು 60ರಿಂದ 150. ಅವುಗಳಲ್ಲಿ ‘ಎರಡೂ ಚಿಕಿತ್ಸೆ ಸಮಾನ’ ಎಂದು ಬಂದರೆ, ಅದರ ಅರ್ಥ ಬಹಳ ಸಲ ‘ಅಂತರ ಕಾಣುವಷ್ಟು ಜನ ಇರಲಿಲ್ಲ’ ಎಂದೇ.

ಎಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ. ತೂಕ ತೀರಾ ಕಡಿಮೆ ಇರುವವರು, ಆತ್ಮಹತ್ಯೆಯ ಅಪಾಯದಲ್ಲಿರುವವರು, ರಕ್ತಪರೀಕ್ಷೆಯಲ್ಲಿ ಅಪಾಯ ಕಂಡವರು ಟ್ರಯಲ್‌ಗೆ ಕಾಯದೆ ನೇರವಾಗಿ ಚಿಕಿತ್ಸೆ ಪಡೆಯಬೇಕು. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿರುವವರನ್ನು ಡೋಸ್ ಬದಲಾಗದಿದ್ದರೆ ಮಾತ್ರ ಸೇರಿಸುವ ರೂಢಿಯೂ ಇದೆ. ಫ್ಲುಆಕ್ಸೆಟಿನ್ 60 ಮಿಲಿಗ್ರಾಂ ಬಿಂಜ್ ಇಳಿಸುತ್ತದೆ ಎಂದು 387 ರೋಗಿಗಳ ಅಧ್ಯಯನ 1992ರಲ್ಲೇ ತೋರಿಸಿತ್ತು. ನಡುವೆ ಡೋಸ್ ಏರಿದರೆ ಗುಣ ಮಾತಿನದೋ ಮಾತ್ರೆಯದೋ ಎಂದು ಬಿಡಿಸಲಾಗದು. ಬೇಲಿ ಬಿಗಿಯಾದಷ್ಟೂ ಫಲಿತಾಂಶ ಶುದ್ಧ, ಆದರೆ ಕ್ಲಿನಿಕ್ಕಿನ ನಿಜವಾದ ರೋಗಿಗಳಿಂದ ಅಷ್ಟೇ ದೂರ.

## ‘ಗುಣ’ವನ್ನು ಅಳೆಯುವುದು

ರೋಗಿಯ ಕೈಗೆ ಪ್ರಶ್ನಾವಳಿ ಕೊಟ್ಟರೆ ಸಾಲದು. ಒಬ್ಬರ ‘ಅತಿ’ ಇನ್ನೊಬ್ಬರ ಮಾಮೂಲು ಊಟ. ತರಬೇತಿ ಪಡೆದವರು ನಡೆಸುವ ಸಂದರ್ಶನವೊಂದಿದೆ. ಹಿಂದಿನ 28 ದಿನಗಳ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು, ಅದರಲ್ಲಿ ಊರಿಗೆ ಹೋದದ್ದು, ಪರೀಕ್ಷೆ, ರಜೆಗಳನ್ನು ಗುರುತಿಸಿ, ಆ ನೆನಪುಗಳನ್ನು ಹಿಡಿದು ಒಂದೊಂದು ವಾರವನ್ನೂ ಕೇಳುತ್ತಾರೆ. ‘ತುಂಬಾ ತಿಂದೆ’ ಎಂದರೆ ಏನೇನು, ಎಷ್ಟೆಷ್ಟು ಎಂದು ಕೇಳಿ, ಅದು ನಿಜಕ್ಕೂ ದೊಡ್ಡ ಪ್ರಮಾಣವೇ, ಅಥವಾ ಎರಡು ತುಂಡು ತಿಂದು ಕೈಮೀರಿತು ಅನ್ನಿಸಿದ್ದೇ ಎಂದು ಬೇರ್ಪಡಿಸುತ್ತಾರೆ. ಸಂದರ್ಶಕರಿಗೆ ರೋಗಿ ಯಾವ ಗುಂಪಿನವರು ಎಂದು ತಿಳಿದಿರಬಾರದು. ತಾನು ಯಾವ ಚಿಕಿತ್ಸೆ ಪಡೆಯುತ್ತಿದ್ದೇನೆ ಎಂಬುದನ್ನು ರೋಗಿಯಿಂದ ಮುಚ್ಚಿಡಲು ಮಾತ್ರ ಆಗದು; ಮಾತಿಗೆ ನಕಲಿ ಮಾತ್ರೆ ಇಲ್ಲ.

ಅನೇಕ ಟ್ರಯಲ್‌ಗಳಲ್ಲಿ ಗುಣ ಎಂದರೆ ಆ 28 ದಿನದಲ್ಲಿ ಒಂದೂ ಬಿಂಜ್ ಇಲ್ಲ, ಒಮ್ಮೆಯೂ ಹೊರಹಾಕಿಲ್ಲ. ಕಠಿಣ ಗೆರೆ ಇದು. ವಾರಕ್ಕೆ 14ರಿಂದ 1ಕ್ಕೆ ಇಳಿದವರೂ ಇದರಲ್ಲಿ ‘ಗುಣವಾಗಿಲ್ಲ’. ಬೇರೆ ಅಧ್ಯಯನಗಳು ಸರಾಸರಿ ಇಳಿಕೆಯನ್ನು ಹೇಳುತ್ತವೆ. ‘ಬಿಂಜ್ ಶೇ 80 ಕಡಿಮೆ’ ಮತ್ತು ‘ಶೇ 80 ಜನ ಗುಣ’ ಒಂದೇ ಅಲ್ಲ. ಸುದ್ದಿಗಳಲ್ಲಿ ಹೆಚ್ಚು ಎಡವುವುದು ಇಲ್ಲೇ.

ಬಿಟ್ಟುಹೋದವರನ್ನು ಎಣಿಸುವ ಬಗೆ ಇನ್ನೊಂದು. ಮೇಲೆ ಹೇಳಿದ 220 ಜನರ ಟ್ರಯಲ್‌ನಲ್ಲಿ ಸಿಬಿಟಿಯ ಶೇ 29 ಎಂಬುದು ಆ ಗುಂಪಿಗೆ ಬಿದ್ದ ಎಲ್ಲ 110 ಜನರಲ್ಲಿ. ಚಿಕಿತ್ಸೆ ಪೂರ್ತಿ ಮುಗಿಸಿದವರನ್ನಷ್ಟೇ ಎಣಿಸಿದರೆ ಅದೇ ಸಂಖ್ಯೆ ಶೇ 45. ಎರಡೂ ಸುಳ್ಳಲ್ಲ. ಆದರೆ ಬಾಗಿಲಲ್ಲಿ ನಿಂತು ‘ಸೇರಬೇಕೋ ಬೇಡವೋ’ ಎಂದು ಯೋಚಿಸುವವರಿಗೆ ಉತ್ತರ 29.

## ನಂಬಿಕೆಯ ತೂಕ

ಚಿಕಿತ್ಸೆ ಕಟ್ಟಿದವರೇ ಟ್ರಯಲ್ ನಡೆಸಿದಾಗ ಫಲಿತಾಂಶ ಅವರ ಕಡೆ ವಾಲುವುದು ಈ ಕ್ಷೇತ್ರದ ಹಳೆಯ ತಲೆನೋವು. ಮೋಸವೇ ಆಗಬೇಕಿಲ್ಲ. ತಮ್ಮದನ್ನು ಹುರುಪಿನಿಂದ ಕಲಿಸುತ್ತಾರೆ, ಎದುರಿನದಕ್ಕೆ ಅರೆಮನಸ್ಸಿನ ಥೆರಪಿಸ್ಟರನ್ನು ಹಾಕುತ್ತಾರೆ. ಇದಕ್ಕೆ ಮದ್ದು ಎರಡೂ ಕಡೆ ಆಯಾ ಚಿಕಿತ್ಸೆಯನ್ನು ನಂಬುವ ಥೆರಪಿಸ್ಟರು, ಎರಡಕ್ಕೂ ಮೇಲ್ವಿಚಾರಣೆ, ಸೆಷನ್‌ಗಳ ಧ್ವನಿಮುದ್ರಣ. ಹೊರಗಿನವರು ಕೆಲವು ಧ್ವನಿಮುದ್ರಿಕೆಗಳನ್ನು ಎತ್ತಿ ಕೇಳಿ, ಇದು ಕೈಪಿಡಿಯ ಪ್ರಕಾರ ನಡೆದಿದೆಯೇ ಎಂದು ಅಂಕ ಹಾಕುತ್ತಾರೆ. ಯಾವ ಅಳತೆಯನ್ನು ಮುಖ್ಯ ಎಂದು ಹಿಡಿಯುತ್ತೇವೆ ಎಂಬುದನ್ನು ಮೊದಲೇ ಸಾರ್ವಜನಿಕವಾಗಿ ನೋಂದಾಯಿಸಿರಬೇಕು, ಇಲ್ಲದಿದ್ದರೆ ಬಾಣ ಬಿದ್ದಲ್ಲಿ ಗುರಿಯ ವೃತ್ತ ಬರೆದಂತೆ.

ಕೋಪನ್‌ಹೇಗನ್‌ನಿಂದ 2014ರಲ್ಲಿ ಬಂದ ಟ್ರಯಲ್ ಈ ದೃಷ್ಟಿಯಿಂದ ಅಪರೂಪದ್ದು. ಎರಡು ವರ್ಷ, ವಾರಕ್ಕೊಂದು ಸೆಷನ್‌ನ ಮನೋವಿಶ್ಲೇಷಣಾ ಚಿಕಿತ್ಸೆಯನ್ನು (ಮನಸ್ಸಿನಾಳದ ಭಾವನೆ, ತಾಕಲಾಟಗಳನ್ನು ಮಾತಿನಲ್ಲಿ ಬಿಡಿಸುವಂಥದ್ದು) ಕಟ್ಟಿದವರೇ ಅದನ್ನು 20 ಸೆಷನ್‌ಗಳ ಸುಧಾರಿತ ಸಿಬಿಟಿಯ ಎದುರು ಇಟ್ಟರು. ರೋಗಿಗಳು 70. ಐದು ತಿಂಗಳಿಗೆ ಬಿಂಜ್ ಮತ್ತು ಹೊರಹಾಕುವುದು ಎರಡೂ ನಿಂತವರು ಸಿಬಿಟಿಯಲ್ಲಿ ಶೇ 42, ಮನೋವಿಶ್ಲೇಷಣೆಯಲ್ಲಿ ಶೇ 6. ಎರಡು ವರ್ಷಕ್ಕೆ ಶೇ 44 ಮತ್ತು ಶೇ 15. ತಮ್ಮ ಚಿಕಿತ್ಸೆ ಹಿಂದೆ ಬಿದ್ದದ್ದನ್ನು ಅವರು ಹಾಗೆಯೇ ಪ್ರಕಟಿಸಿದರು. ತಂಡ ಬಯಸಿದ ದಿಕ್ಕಿಗೆ ಎದುರಾಗಿ ಬಂದ ಫಲಿತಾಂಶಕ್ಕೆ ತೂಕ ಹೆಚ್ಚು.

## ಕೆಲಸ ಮಾಡಿದ್ದು ಯಾವ ಭಾಗ?

ಚಿಕಿತ್ಸೆ ಗೆದ್ದ ಮಾತ್ರಕ್ಕೆ ಊಹೆ ಗೆದ್ದಂತಲ್ಲ. ಭಾಗ ತೆಗೆದು ನೋಡುವುದು ಒಂದು ದಾರಿ. ಸೇರಿಸಿ ನೋಡುವುದು ಇನ್ನೊಂದು: ಬಿಂಜ್‌ನ ಆಸೆ ಹುಟ್ಟಿಸುವ ತಿನಿಸನ್ನು ತಿನ್ನಿಸಿ ಹೊರಹಾಕದಂತೆ ತಡೆಯುವ ಅಭ್ಯಾಸವನ್ನು ಸಿಬಿಟಿಗೆ ಸೇರಿಸಿ 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಮೂರನೆಯದು, ಯಾವುದು ಮೊದಲು ಬದಲಾಯಿತು ಎಂದು ನೋಡುವುದು. 220 ಜನರ ಟ್ರಯಲ್‌ನ ಅಂಕಿಗಳನ್ನು ಮತ್ತೆ ಜಾಲಾಡಿದಾಗ, ನಾಲ್ಕನೇ ವಾರದ ಹೊತ್ತಿಗೆ ಪಥ್ಯದ ಬಿಗಿ ಸಡಿಲವಾದದ್ದೇ ಕೊನೆಯ ಸುಧಾರಣೆಯ ದಾರಿಯಾಗಿ ಕಂಡಿತು. ಫೇರ್‌ಬರ್ನ್ ಊಹೆ ಹೇಳಿದ್ದೂ ಅದನ್ನೇ.

ಬೇಗ ಸ್ಪಂದಿಸುವವರ ಕಥೆಯೂ ಅಲ್ಲಿಂದಲೇ ಬಂತು. ಆರನೇ ಸೆಷನ್‌ ಹೊತ್ತಿಗೆ ಹೊರಹಾಕುವುದು ಶೇ 70ರಷ್ಟಾದರೂ ಇಳಿಯದಿದ್ದವರು ಕೊನೆಗೆ ಗುಣವಾಗುವ ಸಾಧ್ಯತೆ ಕಡಿಮೆ ಎಂದು ಅದೇ ಅಧ್ಯಯನ ಕಂಡುಕೊಂಡಿತು. ಇದು ನೇರವಾಗಿ ಕೆಲಸಕ್ಕೆ ಬರುವ ಮಾಹಿತಿ: ಇಪ್ಪತ್ತನೇ ವಾರದವರೆಗೆ ಕಾಯದೆ ಆರನೇ ಸೆಷನ್‌ಗೇ ಹಾಳೆ ತೆಗೆದು ಲೆಕ್ಕ ಹಾಕಬೇಕು.

## ಈಗ ಪರೀಕ್ಷೆಗೆ ನಿಂತಿರುವವು

ಅತ್ಯುತ್ತಮ ಚಿಕಿತ್ಸೆಯೂ ಅರ್ಧದಷ್ಟು ಜನರನ್ನು ಹೊರಗೆ ಬಿಡುವುದರಿಂದ ಹುಡುಕಾಟ ನಿಂತಿಲ್ಲ. ಭಾವನೆಯ ಅಲೆಯನ್ನು ಬಿಂಜ್ ಇಲ್ಲದೆ ದಾಟಲು ಕಲಿಸುವ ಡಿಬಿಟಿ, ಹದಿಹರೆಯದವರಿಗೆ ಅಪ್ಪ ಅಮ್ಮಂದಿರನ್ನೇ ಜೊತೆಗೂಡಿಸುವ ಕುಟುಂಬ ಚಿಕಿತ್ಸೆ, ವರ್ಚುವಲ್ ರಿಯಾಲಿಟಿಯ ಕನ್ನಡಕದೊಳಗೆ ಆಸೆ ಹುಟ್ಟಿಸುವ ಸನ್ನಿವೇಶ ತೋರಿಸಿ ಆಸೆ ತಾನಾಗಿ ಇಳಿಯುವವರೆಗೆ ಕಾಯಿಸುವುದು, ಸಿಬಿಟಿಯನ್ನು 10 ಸೆಷನ್‌ಗೆ ಇಳಿಸುವುದು, ಹೀಗೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2017ರ ಮಾರ್ಗಸೂಚಿ ವಯಸ್ಕರಿಗೆ ಮೊದಲು ಹೇಳುವುದು ಮಾರ್ಗದರ್ಶಿತ ಸ್ವಸಹಾಯವನ್ನು: ಕೈಪಿಡಿಯನ್ನು ರೋಗಿಯೇ ಓದಿ ಅಭ್ಯಾಸ ಮಾಡಬೇಕು, ಜೊತೆಗೆ 16 ವಾರದಲ್ಲಿ ತಲಾ 20 ನಿಮಿಷದ 4ರಿಂದ 9 ಭೇಟಿ. ನಾಲ್ಕು ವಾರದಲ್ಲಿ ಫಲ ಕಾಣದಿದ್ದರೆ 20 ಸೆಷನ್‌ಗಳವರೆಗಿನ ಸಿಬಿಟಿ.

ಇಷ್ಟೆಲ್ಲ ದಾಟಿ ಕ್ಲಿನಿಕ್ಕಿಗೆ ಬಂದ ಮೇಲೆ ಚಿಕಿತ್ಸೆ ಸವೆಯತೊಡಗುತ್ತದೆ. ವಾರಕ್ಕೊಮ್ಮೆ ತೂಕ ನೋಡುವುದು ಕೈಪಿಡಿಯಲ್ಲಿದೆ. ರೋಗಿ ಅಳುತ್ತಾರೆಂದು ಥೆರಪಿಸ್ಟ್ ಅದನ್ನು ಬಿಡುತ್ತಾರೆ. ಹಾಳೆ ಖಾಲಿ ಬಂದರೆ ‘ಪರವಾಗಿಲ್ಲ, ಈ ವಾರ ಹೇಗಿತ್ತು ಹೇಳಿ’ ಎಂದು ಮಾತಿಗಿಳಿಯುತ್ತಾರೆ. ಆ ಸೆಷನ್ ಹಿತವಾಗಿಯೇ ಮುಗಿಯುತ್ತದೆ. ಆದರೆ ಟ್ರಯಲ್‌ನಲ್ಲಿ ಗೆದ್ದ ಚಿಕಿತ್ಸೆಯಲ್ಲಿ ಹಾಳೆಯೂ ಇತ್ತು, ತೂಕದ ಯಂತ್ರವೂ ಇತ್ತು.